ಮೋಶೆಯ ಜಾಡು ಹಿಡಿದು ಈಜಿಪ್ಟಿಗೆ ಹೊರಡುವವರಿಗೆ

ಬೈಬಲಿನ ಪ್ರಕಾರ ಮೋಶೆ ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ಇಬ್ರಿಯರ (ಇಸ್ರಾಯೇಲರ) ಧರ್ಮಕ್ಕೆ ಈಜಿಪ್ಟಿನಿಂದ ಏನು ಬಂತು ಎಂದು ಕಣ್ಣಾರೆ ನೋಡಬೇಕೆನ್ನುವವರು ಗೀಜಾದ ಪಿರಮಿಡ್ಡುಗಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಇಸ್ರಾಯೇಲ್ ಎಂಬ ಹೆಸರು ಮೊದಲ ಸಲ ಕಲ್ಲಿನ ಮೇಲೆ ಬೀಳುವ ಹೊತ್ತಿಗೆ ಅವು ಕಟ್ಟಿ ಸುಮಾರು 1,300 ವರ್ಷ ಆಗಿತ್ತು. ನೋಡಬೇಕಾದದ್ದು ಕೈರೋ, ಅಮರ್ನಾ, ಲಕ್ಸರ್, ಅಸ್ವಾನ್‌ಗಳಲ್ಲಿ ಚದುರಿದೆ. ಈ ಕ್ರಮದಲ್ಲೇ ರೈಲು ಹಿಡಿದು ದಕ್ಷಿಣಕ್ಕೆ ಹೋದರೆ ದಾರಿ ಸುತ್ತಾಗುವುದಿಲ್ಲ. ಹತ್ತು ದಿನ ಇಟ್ಟುಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ರಂಜಾನ್ ತಿಂಗಳಲ್ಲಿ ತಾಣಗಳು ಬೇಗ ಮುಚ್ಚುತ್ತವೆ. ದೊಡ್ಡ ತಾಣಗಳಲ್ಲಿ ಟಿಕೆಟ್ಟಿಗೆ ನಗದು ನಡೆಯದೆ ಇರಬಹುದು, ಕಾರ್ಡ್ ಬೇಕು. ಕನ್ನಡ ಬೈಬಲನ್ನು ಫೋನಿಗೆ ಇಳಿಸಿಕೊಂಡೇ ಹೋಗಿ, ಗೋರಿಗಳ ಒಳಗೆ ನೆಟ್‌ವರ್ಕ್ ನಂಬುವಂತಿಲ್ಲ.

ಕೈರೋದ ತಹ್ರೀರ್ ಮ್ಯೂಸಿಯಂನಲ್ಲಿ ಕೇಳಬೇಕಾದದ್ದು ಫೇರೋ (ಈಜಿಪ್ಟಿನ ಅರಸ) ಮೆರ್ನೆಪ್ಟಾನ ಶಾಸನ. ಮೂರು ಮೀಟರಿಗೂ ಎತ್ತರದ ಗ್ರಾನೈಟ್ ಕಲ್ಲು, ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ 1896ರಲ್ಲಿ ಸಿಕ್ಕಿದ್ದು. ಕಾಲ ಕ್ರಿ.ಪೂ. 1208ರ ಆಸುಪಾಸು. ಒಟ್ಟು 28 ಸಾಲು. ಇಸ್ರಾಯೇಲ್ ಇರುವುದು 27ನೆಯದರಲ್ಲಿ, ಅಂದರೆ ತೀರಾ ಕೆಳಗೆ. ಬಗ್ಗಿ ನೋಡಬೇಕು. ಅದೇ ಭಾಗದಲ್ಲಿ ಅಷ್ಕೆಲೋನ್, ಗೆಜೆರ್ ಎಂಬ ಊರುಗಳ ಹೆಸರಿನ ಕೊನೆಗೆ ಮೂರು ಗುಡ್ಡದ ಚಿಹ್ನೆಯಿದೆ, ಅದು ನಾಡಿನ ಗುರುತು. ಇಸ್ರಾಯೇಲಿಗೆ ಮಾತ್ರ ಕುಳಿತ ಗಂಡು, ಕುಳಿತ ಹೆಣ್ಣು, ಕೆಳಗೆ ಮೂರು ಗೀಟು: ಇದು ಜನರ ಗುರುತು. ಫೇರೋನ ಗುಮಾಸ್ತನ ಕಣ್ಣಿಗೆ ಅವರಿನ್ನೂ ನೆಲೆಯಾದ ರಾಜ್ಯವಲ್ಲ, ಒಂದು ಜನಾಂಗ. ಇಡೀ ಪ್ರವಾಸದಲ್ಲಿ ಇಷ್ಟು ಗಟ್ಟಿಯಾದ ಕಲ್ಲಿನ ಸಾಕ್ಷಿ ಇನ್ನೊಂದು ಸಿಗುವುದಿಲ್ಲ.

ಗೀಜಾ ಪಕ್ಕದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂಗೆ ಬೇರೆಯೇ ದಿನ ಇಡಿ. ಟ್ರಾಫಿಕ್ಕಿನಲ್ಲಿ ಎರಡೂ ಒಂದೇ ದಿನ ಆಗುವ ಮಾತಲ್ಲ. ಅಲ್ಲಿ ಫೇರೋ ತುತಂಖಾಮುನ್ ಸಂಗ್ರಹದ, ನರಿ ರೂಪದ ದೇವರು ಅನುಬಿಸ್‌ನ ಪೆಟ್ಟಿಗೆಯನ್ನು ಹುಡುಕಿ: ಚಿನ್ನದ ಲೇಪದ ಮರ, ಹೊರಲು ಉದ್ದನೆಯ ಕೋಲುಗಳು. ಬೈಬಲಿನ ವಿಮೋಚನಕಾಂಡ 25ರಲ್ಲಿ ಬರುವ ಮಂಜೂಷದ, ಅಂದರೆ ದೇವರ ಆಜ್ಞೆಗಳ ಪೆಟ್ಟಿಗೆಯ, ವರ್ಣನೆಯನ್ನು ಅಲ್ಲೇ ನಿಂತು ಓದಿ. ಹೋಲಿಕೆ ಎದ್ದು ಕಾಣುತ್ತದೆ, ಆದರೆ ದೇವರನ್ನು ಹೊತ್ತು ಮೆರೆಸುವುದು ಆ ಕಾಲಕ್ಕೆ ಸುತ್ತಲಿನ ನಾಡುಗಳಲ್ಲೂ ಇತ್ತು.

ತೊಡಕು ಹೆಚ್ಚಿರುವುದು ಅಮರ್ನಾದಲ್ಲಿ. ಮಿನ್ಯಾದಲ್ಲಿ ತಂಗಿ, ಬೆಳಗ್ಗೆ ಬೇಗ ಕಾರು ಹಿಡಿಯಿರಿ. ಸುಮಾರು 60 ಕಿ.ಮೀ. ಪೊಲೀಸ್ ಗಾಡಿ ಜೊತೆಗೆ ಬಂದರೆ ಗಾಬರಿ ಬೇಡ, ಆದರೆ ಅವರಿಗಾಗಿ ಕಾಯುವುದರಲ್ಲೇ ಒಂದೆರಡು ಗಂಟೆ ಹೋಗಬಹುದು. ಚಾಲಕರು ಉತ್ತರದ ಗೋರಿಗಳನ್ನಷ್ಟೇ ತೋರಿಸಿ ವಾಪಸ್ ಕರೆತರುವುದುಂಟು. ನಿಮಗೆ ಬೇಕಾದದ್ದು ದಕ್ಷಿಣದ ಗುಂಪಿನ 25ನೇ ಸಂಖ್ಯೆ, ಆಸ್ಥಾನಿಕ ಆಯ್‌ನ ಗೋರಿ. ಬೀಗದ ಕೈ ಕಾವಲುಗಾರನ ಬಳಿ ಇರುತ್ತದೆ, ಟಿಕೆಟ್ ಕೊಳ್ಳುವಾಗಲೇ ಹೇಳಿಬಿಡಿ. ಸೂರ್ಯಬಿಂಬ ಅಟನ್ ಒಂದನ್ನೇ ದೇವರೆಂದು ಪೂಜಿಸಿದ ಫೇರೋ ಅಖೆನಾಟನ್ ಕಾಲದ ಅಟನ್ ಮಹಾಸ್ತೋತ್ರ ಇರುವುದು ಆ ಗೋಡೆಯಲ್ಲಿ, ಮೇಲಿನಿಂದ ಕೆಳಗೆ ಬರೆದ 13 ಸಾಲುಗಳಾಗಿ. ರಾತ್ರಿಯಾದರೆ ಸಿಂಹ ಗವಿಯಿಂದ ಹೊರಬರುತ್ತದೆ, ಬೆಳಗಾದರೆ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ನೀರಿನಲ್ಲಿ ಹಡಗು, ಮೀನು: ಬೈಬಲಿನ 104ನೇ ಕೀರ್ತನೆಯಲ್ಲೂ ಇವೇ. 1890ರಲ್ಲಿ ಒಂದು ಭಾಗ ಒಡೆದುಹೋಗಿದೆ. ಅದಕ್ಕೂ ಮೊದಲು ಮಾಡಿಟ್ಟ ನಕಲಿನಿಂದ ಆ ಪಾಠ ಉಳಿದಿದೆ.

ಮೋಶೆ ಅಖೆನಾಟನ್ನನ ಅನುಯಾಯಿ ಎಂದು ಮನೋವಿಶ್ಲೇಷಕ ಫ್ರಾಯ್ಡ್ 1939ರಲ್ಲಿ ವಾದಿಸಿದ್ದನ್ನು ಗೈಡುಗಳು ಇಲ್ಲಿ ಸಿದ್ಧಾಂತದಂತೆ ಒಪ್ಪಿಸಿಯಾರು. ನಂಬಬೇಡಿ. ಆ ಅರಸ ಸತ್ತ ಮೇಲೆ ಅವನ ರಾಜಧಾನಿಯಾಗಿದ್ದ ಅಮರ್ನಾವೇ ಪಾಳುಬಿತ್ತು. ಕೀರ್ತನೆ ಬಂದದ್ದು ಶತಮಾನಗಳ ನಂತರ. ನಡುವಣ ದಾರಿಗೆ ಸಾಕ್ಷಿಯಿಲ್ಲ.

ಲಕ್ಸರಿನ ಪಶ್ಚಿಮ ದಂಡೆಯಲ್ಲಿ ಮಂತ್ರಿ ರೆಖ್ಮಿರೆಯ ಗೋರಿ, ಸಂಖ್ಯೆ ಟಿಟಿ 100. ಟಿಕೆಟ್ ಗೋರಿಯ ಬಾಗಿಲಲ್ಲಿ ಸಿಗುವುದಿಲ್ಲ, ಮೆಮ್ನನ್ ಮೂರ್ತಿಗಳಾಚೆಯ ಕಚೇರಿಯಲ್ಲಿ ಕೊಂಡೇ ಹತ್ತಿ. ಒಳಗಿನ ಉದ್ದ ಪಡಸಾಲೆಯ ಗೋಡೆಯಲ್ಲಿ ಇಟ್ಟಿಗೆ ಕೆಲಸದ ಚಿತ್ರವಿದೆ: ಕೊಳದಿಂದ ನೀರು, ಮಣ್ಣು ಕಲಸುವುದು, ಮರದ ಅಚ್ಚು, ಒಣಗಿಸಲು ಇಟ್ಟ ಸಾಲು. ದುಡಿಯುವವರು ಯುದ್ಧ ಕೈದಿಗಳು ಎಂದು ಅಲ್ಲೇ ಬರೆದಿದೆ, ಇಬ್ರಿಯರು ಎಂದು ಎಲ್ಲೂ ಇಲ್ಲ. ವಿಮೋಚನಕಾಂಡ 5ರ ಬಿಟ್ಟಿ ದುಡಿಮೆ ಹೇಗಿತ್ತೆಂದು ತಿಳಿಯಲು ಅಷ್ಟೇ ಸಾಕು.

ಅಸ್ವಾನಿಗೆ ಅಲ್ಲಿಂದ ರೈಲಿನಲ್ಲಿ ಮೂರೂವರೆ ಗಂಟೆ ಹತ್ತಿರ. ಎಲಿಫೆಂಟೈನ್ ದ್ವೀಪಕ್ಕೆ ಊರವರ ಸಾರ್ವಜನಿಕ ದೋಣಿಯಲ್ಲೇ ಹೋಗಿ. ಪ್ರವಾಸಿಗರ ದೋಣಿಗೆ ಹಲವು ಪಟ್ಟು ಕೇಳುತ್ತಾರೆ. ಪರ್ಷಿಯನ್ನರ ಕಾಲದಲ್ಲಿ ಇಲ್ಲಿದ್ದ ಯೆಹೂದಿ ಸೈನಿಕರಿಗೆ ಯಾಹೋ (ಬೈಬಲಿನ ಯೆಹೋವ) ದೇವರ ಗುಡಿಯಿತ್ತು, ಟಗರು ತಲೆಯ ಖ್ನುಮ್ ಗುಡಿಯ ಮಗ್ಗುಲಲ್ಲೇ. ಕ್ರಿ.ಪೂ. 410ರಲ್ಲಿ ಖ್ನುಮ್ ಅರ್ಚಕರ ಚಿತಾವಣೆಯಿಂದ ಅದನ್ನು ಕೆಡವಿದರು. ಈಗ ಕಾಣುವುದು ಮಣ್ಣಿಟ್ಟಿಗೆಯ ತಳಪಾಯಗಳ ಗೋಜಲು, ನಕ್ಷೆಯಿಲ್ಲದೆ ಹೋದರೆ ಏನೂ ಗೊತ್ತಾಗದು.

ಬೈಬಲಿನೊಳಕ್ಕೆ ಈಜಿಪ್ಟಿನ ಬರಹ ಹೊಕ್ಕಿದೆ ಎನ್ನಲು ಅತ್ಯಂತ ಬಲವಾದ ಪುರಾವೆ ಮಾತ್ರ ಈಜಿಪ್ಟಿನಲ್ಲಿಲ್ಲ. ಅಮೆನೆಮೋಪೆ ಎಂಬ ಈಜಿಪ್ಟಿನವನ ಉಪದೇಶದ ಪಪೈರಸ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸಂಖ್ಯೆ 10474. ಬೈಬಲಿನ ಜ್ಞಾನೋಕ್ತಿ 22:17ರ ಮುಂದಿನ ಭಾಗದೊಂದಿಗೆ ಹೋಲಿಸಿ: ಗಡಿಕಲ್ಲು ಸರಿಸಬೇಡ ಎಂಬ ಬುದ್ಧಿಮಾತು ಎರಡರಲ್ಲೂ ಇದೆ, ಐಶ್ವರ್ಯ ಪಪೈರಸ್‌ನಲ್ಲಿ ಹೆಬ್ಬಾತಿನಂತೆ, ಬೈಬಲಿನಲ್ಲಿ ಹದ್ದಿನಂತೆ ರೆಕ್ಕೆ ಕಟ್ಟಿಕೊಂಡು ಹಾರಿಹೋಗುತ್ತದೆ. ಲಂಡನ್ ಮೂಲಕ ಮರಳುವವರು ಪಪೈರಸ್ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೆಳಕಿಗೆ ಹಾಳಾಗುವ ವಸ್ತುವಾದ್ದರಿಂದ ಸದಾ ಹೊರಗಿಡುವುದಿಲ್ಲ.