ಬರೀ ಅವರೋಹಣ

ಎಸ್ಟೋನಿಯಾದ ಆರ್ವೊ ಪ್ಯಾರ್ಟ್ ಅವರ ಸಂಗೀತ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಮಲೆನಾಡಿನ ಹೆಂಚಿನ ಮನೆಯಲ್ಲಿ ಕೂತರೆ ಪುನರ್ವಸು ಮಳೆ ಅದರ ಅರ್ಧಕ್ಕರ್ಧ ನುಂಗಿಬಿಡುತ್ತದೆ. ಕಳೆದ ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಮಧ್ಯಾಹ್ನ ಸ್ವಲ್ಪ ಹೊಳವಾದಾಗ, ಚಾರ್ಜ್ ಉಳಿದಿದ್ದ ಪುಟ್ಟ ಸ್ಪೀಕರನ್ನು ಜಗುಲಿಯಲ್ಲಿಟ್ಟು ಪ್ಯಾರ್ಟ್ ಅವರ ‘ಕ್ಯಾಂಟಸ್’ ಹಾಕಿದೆ.

ಇಂಗ್ಲೆಂಡಿನ ಸಂಯೋಜಕ ಬೆಂಜಮಿನ್ ಬ್ರಿಟನ್ 1976ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನೊಮ್ಮೆ ನೋಡಬೇಕೆಂಬ ಪ್ಯಾರ್ಟ್ ಆಸೆ ಹಾಗೇ ಉಳಿಯಿತು. ಮರುವರ್ಷ ಅವರ ನೆನಪಿಗೆ ಬರೆದದ್ದು ಇದು. ಪಿಟೀಲು ಜಾತಿಯ ವಾದ್ಯಗಳು, ಬಾರಿಸುವ ಒಂದೇ ಒಂದು ಗಂಟೆ, ಅಷ್ಟೇ. ನನ್ನ ಹತ್ತಿರ ಇದ್ದದ್ದು 1984ರಲ್ಲಿ ಇಸಿಎಂ ಅನ್ನೋ ರೆಕಾರ್ಡ್ ಕಂಪನಿ ತಂದ ‘ಟಬುಲಾ ರಾಸಾ’ ಆಲ್ಬಮ್‌ನ ರೆಕಾರ್ಡಿಂಗ್.

ದೊಡ್ಡಮ್ಮ ಕಳಲೆ ಹೆಚ್ಚುತ್ತಾ ಕೂತಿದ್ದರು. ಚಿಕ್ಕಂದಿನಲ್ಲಿ ಸಂಗೀತ ಪಾಠ ಆದವರು. ಸ್ವಲ್ಪ ಹೊತ್ತು ಕೇಳಿ, “ಬರೀ ಅವರೋಹಣ ಆಯ್ತಲ್ಲೋ. ಮೇಲೆ ಹತ್ತೋದೇ ಇಲ್ವಾ ಇದು?” ಅಂದರು.

ಎಷ್ಟು ಸರಿಯಾಗಿ ಹಿಡಿದರು! ಇಡೀ ಕೃತಿ ಇಳಿಯುವ ಒಂದೇ ಸ್ವರಸಾಲಿನ ಮೇಲೆ ನಿಂತಿದೆ. ಮೊದಲ ಪಿಟೀಲುಗಳು ಎಲ್ಲರಿಗಿಂತ ಬೇಗ ಇಳಿಯುತ್ತವೆ. ಅದರ ಕೆಳಗಿನ ಗುಂಪು ಅರ್ಧ ವೇಗದಲ್ಲಿ, ಅದರ ಕೆಳಗಿನದು ಅದರ ಅರ್ಧ. ಎಲ್ಲಕ್ಕಿಂತ ಕೆಳಗಿನ ಡಬಲ್ ಬೇಸ್‌ಗೆ ಪಿಟೀಲಿನ 16 ಪಟ್ಟು ಸಮಯ ಬೇಕು. ಒಂದೊಂದಾಗಿ ತಮ್ಮ ಕೊನೆಯ ಸ್ವರಕ್ಕೆ ಬಂದು ಅಲ್ಲೇ ನಿಲ್ಲುತ್ತವೆ.

ನನಗೆ ಜೀವ ಹಿಡಿದಿಡುವುದು ಆಮೇಲಿನದು. ವಾದ್ಯಗಳೆಲ್ಲ ಜೋರಾಗಿ ಮೊರೆಯುತ್ತಿರುವಾಗಲೇ ಕೊನೆಯ ಸಲ ಗಂಟೆ ಮೆಲ್ಲಗೆ ಬಾರಿಸುತ್ತಾರೆ. ಆಗ ಅದು ಕೇಳಿಸುವುದೇ ಇಲ್ಲ. ವಾದ್ಯಗಳು ತಟ್ಟನೆ ನಿಂತಾಗ, ಆಗಲೇ ಬಾರಿಸಿದ್ದ ಗಂಟೆಯ ನಾದ ಬಯಲಿಗೆ ಬರುತ್ತದೆ. ಸಾವಿನ ಬಗ್ಗೆ ಇದಕ್ಕಿಂತ ನಿಜವಾಗಿ ಮಾತಾಡುವ ಸಂಗೀತ ನಾನು ಕೇಳಿಲ್ಲ. ದಯವಿಟ್ಟು ಆ್ಯಪ್ ತಾನಾಗೇ ಮುಂದಿನ ಹಾಡಿಗೆ ಹೋಗದ ಹಾಗೆ ಮಾಡಿಕೊಂಡು ಕೇಳಿ.

ಆಮೇಲೆ ದೊಡ್ಡಮ್ಮನಿಗೆಂದೇ ಪ್ಯಾರ್ಟ್ ಅವರದೇ 1978ರ ‘ಶ್ಪೀಗಲ್ ಇಮ್ ಶ್ಪೀಗಲ್’ ಹಾಕಿದೆ. ಪಿಯಾನೊ ಜೊತೆ ಒಂದೇ ಪಿಟೀಲು. ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಪ್ರತಿ ಸಲ ಒಂದು ಸ್ವರ ಜಾಸ್ತಿ ಸೇರಿಸಿಕೊಂಡು ಮತ್ತೆ ಅದೇ ಸ್ವರಕ್ಕೆ ಬಂದು ಕೂರುತ್ತದೆ. ದೊಡ್ಡಮ್ಮ ಈಳಿಗೆಮಣೆ ಬಿಟ್ಟು ಕೇಳಿದರು. “ಇದು ಸಂಗೀತ ನೋಡು. ಮೊದಲನೇದು ಬರೀ ಸಂಕಟ” ಅಂದರು. ನಾನು ಒಪ್ಪಲಿಲ್ಲ. ಕಾಫಿ ಕುಡಿಯುವಾಗಲೂ ಅದೇ ವಾದ ನಡೆಯಿತು.