ತುದಿ ಮಾತ್ರ ಕಾಣುವ ಕಲ್ಲು

ಬೆಳಿಗ್ಗೆ ಕಡಲ ದಂಡೆಗೆ ಹೋದರೆ ಕೊರೆತ ತಡೆಯುವ ಗೋಡೆಗೆಂದು ಮತ್ತೆ ಲಾರಿಯಿಂದ ಕಲ್ಲು ಸುರಿಯುತ್ತಿದ್ದರು. ಹೋದ ವರ್ಷ ನಾನು ಕೂರುತ್ತಿದ್ದ ಕಲ್ಲನ್ನು ಹುಡುಕಿದೆ. ಬೊಗಸೆಯಷ್ಟು ತುದಿ ಮಾತ್ರ ಕಂಡಿತು. ಉಳಿದದ್ದೆಲ್ಲ ಮರಳಿನೊಳಗೆ.

ತೆರೆ ಕಲ್ಲಿಗೆ ಬಡಿದು ವಾಪಸ್ ಹೋಗುವಾಗ ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿದಲ್ಲಿ, ಪಕ್ಕದವರ ತೆಂಗಿನ ಬುಡದಲ್ಲಿ, ಕೊರೆತ ಶುರು.

ಕಲ್ಲು ಬೇಡ ಅನ್ನಲೂ ಬಾಯಿ ಬರುವುದಿಲ್ಲ. ಅಂಗಳಕ್ಕೆ ಕಡಲು ಬಂದವರಿಗೆ ಇವತ್ತೇ ಏನಾದರೂ ಬೇಕು, ಅಲ್ವಾ?

ಆದರೆ ಉತ್ತರ ಕನ್ನಡದಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ನೋಡಿ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಜಾಗ. ಅಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳೇ ಕೆಸರು ಹಿಡಿದು ನಿಂತಿವೆ. ತೆರೆದ ದಂಡೆಯಲ್ಲಿ ಕಾಂಡ್ಲಾ ಬೆಳೆಯುವುದಿಲ್ಲ, ಒಪ್ಪುತ್ತೇನೆ. ಇಲ್ಲಿ ಆ ಕೆಲಸ ಮರಳ ದಿಬ್ಬದ್ದು, ಅದರ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯದ್ದು.

ಇವತ್ತು ಲಾರಿ ಹತ್ತಿ ಇಳಿದದ್ದು ಆ ದಿಬ್ಬದ ಮೇಲೆಯೇ.