ಪೀಟರ್ ಬ್ರೌನ್ ಮತ್ತ ಕಂಬದ ಮ್ಯಾಲಿನ ಸಂತ

ಆದಿ ಕ್ರೈಸ್ತರ ಇತಿಹಾಸ ಬರದವರೊಳಗ ನನಗ ಭಾಳ ಸೇರೋರು ಪೀಟರ್ ಬ್ರೌನ್. 1935ರಾಗ ಡಬ್ಲಿನ್‌ದಾಗ ಹುಟ್ಟಿದ್ರು, ಕ್ಯಾಥೊಲಿಕ್ ಮಂದೀನ ಜಾಸ್ತಿ ಇರೋ ದೇಶದಾಗ ಪ್ರೊಟೆಸ್ಟಂಟ್ ಮನಿತನ, ಅಪ್ಪಾರು ಸುಡಾನ್ ರೈಲ್ವೇದಾಗ ಇಂಜಿನಿಯರ್. ಆಕ್ಸ್‌ಫರ್ಡಿನಾಗ ಕಲ್ತ್ರು, ಆದ್ರ ಪಿಎಚ್‌ಡಿ ಮುಗಿಸ್ಲೇ ಇಲ್ಲ. ಮುಗಿಸದನ 1967ರಾಗ ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನನ ಜೀವನಚರಿತ್ರೆ ಬರದ್ರು, ಆಗ ವಯಸ್ಸು ಬರೇ 32, ಇವತ್ತಿಗೂ ಮಂದಿ ಅದನ್ನ ಓದ್ತಾರ. ಮುಂದ ಲಂಡನ್‌ದಾಗ, ಆಮ್ಯಾಲೆ ಅಮೆರಿಕಾದ ಬರ್ಕ್ಲಿದಾಗ ಕಲಿಸಿದ್ರು, 1986ರಾಗ ಅಲ್ಲೇ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದ್ರು.

1971ರಾಗ ಸಿರಿಯಾದ ಸಂತರ ಮ್ಯಾಲೆ ಒಂದು ಲೇಖನ ಬರದ್ರು ನೋಡ್ರಿ, ನನ್ನ ಹಿಡದು ಕೂಡ್ಸಿದ್ದು ಅದ. ಅಲೆಪ್ಪೋ ಕಡೆ ಸಿಮಿಯೋನ್ ಅಂತ ಒಬ್ಬ ಸಂತ ಮೂವತ್ತು ವರ್ಷಕ್ಕಿಂತ ಹೆಚ್ಚು ಕಂಬದ ಮ್ಯಾಲೆ ನಿಂತಿದ್ದ, 459ರಾಗ ತೀರಿಕೊಂಡ. ಎಲ್ಲಾರೂ ಅವನ ತಪಸ್ಸು ನೋಡಿದ್ರ ಬ್ರೌನ್ ಕಂಬದ ಕೆಳಗ ನಿಂತ ಮಂದೀನ ನೋಡಿದ್ರು. ಅವ್ರು ಯಾಕ ಬರ್ತಿದ್ರು? ಸಾಲ, ಬಡ್ಡಿ, ಊರೂರಿನ ಜಗಳ. ಸಂತಗ ಆಸ್ತಿ ಇಲ್ಲ, ಬೀಗರು ಇಲ್ಲ, ಯಾವ ಪಾರ್ಟಿಗೂ ಸೇರಿದಾಂವ ಅಲ್ಲ, ಹಿಂಗಾಗಿ ಅವನ ಮಾತು ಎರಡೂ ಕಡ್ಯಾವ್ರು ಕೇಳ್ತಿದ್ರು.

ನಮ್ಮ ಬಿಜಾಪುರ ಕಡೆ ಬೆಳದವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಅಣ್ತಮ್ಮರ ಹೊಲದ ಬದುವಿನ ಜಗಳ ಕೋರ್ಟಿಗೆ ಹೋಗೂಕ್ಕಿಂತ ಮೊದ್ಲ ಮಠದ ಅಜ್ಜಾರ ಮುಂದ ಬರ್ತೈತಿ, ಅಜ್ಜಾರು ಹೇಳಿದ್ರ ಮುಗೀತು. ದರ್ಗಾಕ್ಕ ಸಕ್ಕರಿ ಓದಿಸಾಕ ಹೋಗೋ ಲಿಂಗಾಯತ ಹೆಣ್ಮಕ್ಕಳನ್ನ ನೋಡಿ ನಾಲ್ಕಕ್ಷರ ಕಲ್ತವರು "ಮೂಢನಂಬಿಕೆ" ಅಂತಾರಲ್ಲ, ನನಗ ಅದು ಯಾವತ್ತೂ ಸರಿ ಅನ್ಸಿಲ್ಲ, ಯಾಕ ಸರಿ ಅಲ್ಲ ಅಂತ ಹೇಳೂ ಮಾತು ಸಿಕ್ಕಿದ್ದು ಬ್ರೌನ್ ಅವರ 1981ರ ಪುಸ್ತಕದಾಗ, ಸಂತರ ಸಮಾಧಿ ಪೂಜೆ ಬಗ್ಗೆ ಬರದದ್ದು. ಕಲ್ತವರದೊಂದು ಶುದ್ಧ ಧರ್ಮ, ಕಲೀಲಾರದವರದೊಂದು ಕೆಳಗಿನ ಧರ್ಮ ಅಂತ ಇಬ್ಭಾಗ ಮಾಡೋದನ್ನ ಅಲ್ಲಿ ಅವ್ರು ಒಪ್ಪೂದಿಲ್ಲ. ಸಮಾಧಿ ಪೂಜೇನ ಬೆಳಸಿದ್ರಾಗ ಓದಿದ ಬಿಷಪ್ಪರದ, ಶ್ರೀಮಂತ ಮನಿತನದವರದ ಕೈ ದೊಡ್ಡದಿತ್ತು ಅಂತ ತೋರಿಸ್ತಾರ.

ಇನ್ನೊಂದು ಹೇಳ್ಬೇಕು. ಅಗಸ್ಟೀನ್ ಸತ್ತಿದ್ದು 430ರಾಗ, ಆದ್ರ ಯಾರೂ ನೋಡಿರದ ಅವನ ಪತ್ರಗಳು 1970ರ ದಶಕದಾಗ ಸಿಕ್ಕು, 1990ರಾಗ ಜರ್ಮನಿಯ ಮೈನ್ಸ್‌ದಾಗ ಪ್ರವಚನಗಳೂ ಸಿಕ್ಕು. ಬ್ರೌನ್ ಮೊದ್ಲ ಮುದಿ ಅಗಸ್ಟೀನನ್ನ ಭಾಳ ಕಠೋರ ಮನಷ್ಯಾನಂಗ ಚಿತ್ರಿಸಿದ್ರು, ಇವನ್ನ ಓದಿದ ಮ್ಯಾಲೆ 2000ದ ಆವೃತ್ತಿಗೆ ಹೊಸ ಅಧ್ಯಾಯ ಸೇರ್ಸಿ, ತಾವು ಬರದದ್ದು ಎಲ್ಲೆಲ್ಲಿ ತಿದ್ದಬೇಕು ಅಂತ ತಾವ ಬರದ್ರು. ಹಳೇ ಪುಸ್ತಕಾನ ಅಷ್ಟು ಹೆಸರು ಮಾಡಿತ್ತು, ಸುಮ್ಮನಿದ್ರೂ ಯಾರೂ ಏನೂ ಅಂತಿದ್ದಿಲ್ಲ. ಹೊಸದಾಗಿ ಓದೋರು 2000ದ ಆವೃತ್ತೀನ ತಗೋರಿ, ಹಳೇದ್ರಾಗ ಈ ಅಧ್ಯಾಯ ಇಲ್ಲ.